ಸರ್ಕಾರಿ ಬಸ್ಸಿನ ಹೊತ್ತು

ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ನಮ್ಮ ಕಡೆ ಅದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅವುಗಳಲ್ಲಿ ಯಾರೇ ಆದರೂ ದುಡ್ಡು ಕೊಡಲೇಬೇಕು. ಸರ್ಕಾರಿ ಬಸ್ಸು ಬರುವುದು ಅಪರೂಪಕ್ಕೆ. ಅದಕ್ಕೆ ಕಾಯುವುದನ್ನು ನಾನೂ ಅಕ್ಕನೂ ಕಲಿತದ್ದು ಆಮೇಲೆ.

ಅಕ್ಕ ಕಾರ್ಕಳದಲ್ಲಿ, ನಾನು ಕಾಪುವಿನಲ್ಲಿ. ಮೊದಲು ತಿಂಗಳಿಗೊಮ್ಮೆ ಅವಳ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರುತ್ತಿದ್ದೆ. ಎರಡು ಬಸ್ಸು, ಮೇಲಿಂದ ರಿಕ್ಷಾ. ಟಿಕೆಟು ಏರಿತು, ರಿಕ್ಷಾ ಬಾಡಿಗೆಯೂ ಏರಿತು. ಚಪ್ಪಲಿ ಅಂಗಡಿಯಲ್ಲಿ ದುಡಿಯುವ ನನ್ನ ಯಜಮಾನರ ಸಂಬಳ ಮಾತ್ರ ಇದ್ದಲ್ಲೇ ಇತ್ತು. ಅಕ್ಕಿ, ಎಣ್ಣೆ ಏರಿದ್ದಕ್ಕೆ ಹೇಗೋ ಹೊಂದಿಕೊಂಡಿದ್ದೆ. ಹೇಳದೆ ಕೇಳದೆ ಬರುವ ಖರ್ಚಿನದ್ದೇ ಕಷ್ಟ. ಗ್ಯಾಸ್ ತಪಾಸಣೆಗೆ ಬಂದವರು ಪೈಪ್ ಹಳತಾಗಿದೆ, ಬದಲಿಸಲೇಬೇಕು ಎಂದು ಹಣ ತೆಗೆದುಕೊಂಡರು. ಮಗಳ ಶಾಲೆಯಲ್ಲಿ ವರ್ಷದ ನಡುವೆ ಕಂಪ್ಯೂಟರ್ ತರಗತಿಗೆಂದು ಬೇರೆಯೇ ಕೇಳಿದರು. ಪ್ರತಿ ಸಲವೂ ನಾನು ಕೈಹಾಕಿದ್ದು, ಅಕ್ಕನಲ್ಲಿಗೆ ಹೋಗಲೆಂದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟ ದುಡ್ಡಿಗೆ.

ಉಪಾಯ ಹೇಳಿದ್ದು ಅಕ್ಕನೇ. "ನೀನು ಅಲ್ಲಿಂದ ಸರ್ಕಾರಿ ಬಸ್ಸಲ್ಲಿ ಉಡುಪಿಗೆ ಬಾ, ನಾನು ಇಲ್ಲಿಂದ ಬರ್ತೇನೆ. ಬಸ್ ಸ್ಟ್ಯಾಂಡಲ್ಲಿ ಕೂತು ಮಾತಾಡುವ. ಕೂತದ್ದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ ಅಲ್ವಾ?"

"ಗಟ್ಟಿ ಹೇಳಬೇಡ ಮಾರಾಯ್ತಿ, ಯಾರಾದರೂ ಕೇಳಿಸಿಕೊಂಡರೆ ಅದಕ್ಕೂ ಶುರು ಮಾಡ್ತಾರೆ," ಎಂದೆ.

ಹಾಗೆ ಉಡುಪಿಯ ಬನ್ನಂಜೆಯಲ್ಲಿರುವ ಸರ್ಕಾರಿ ಬಸ್ ನಿಲ್ದಾಣದ ಬೆಂಚೊಂದು ನಮ್ಮಿಬ್ಬರ ತವರುಮನೆಯಾಯಿತು. ಅವಳು ಹಲಸಿನ ಎಲೆಯ ಕಡುಬು, ಚಟ್ನಿ ತರುವಳು. ನಾನು ಫ್ಲಾಸ್ಕಿನಲ್ಲಿ ಚಹಾ, ಅವಳ ಮನೆಗೆಂದು ಒಣಮೀನು. ತೆಂಗಿನಕಾಯಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುವ ಕಾಲ. "ಈ ಚಟ್ನಿಯಲ್ಲಿ ಕಾಯಿ ಉಂಟಾ?" ಎಂದರೆ, "ಹುಡುಕು, ಸಿಕ್ಕಿದರೆ ನನಗೂ ಕೊಡು," ಎನ್ನುವಳು. ಅವಳು ಹಿಂದಿರುಗುವ ಸರ್ಕಾರಿ ಬಸ್ಸು ಬೇಗ ಹೊರಡುತ್ತಿತ್ತು. ಒಂದು ಗಂಟೆಯೂ ಸಿಗುತ್ತಿರಲಿಲ್ಲ. ಅಷ್ಟರಲ್ಲೇ ಅವಳ ಮಂಡಿನೋವು, ನನ್ನ ಮಗಳ ಪರೀಕ್ಷೆ, ತೀರಿಹೋದ ಅಮ್ಮನ ಸುದ್ದಿ ಎಲ್ಲ ಮುಗಿಯಬೇಕು.

ಕಳೆದ ತಿಂಗಳು ಕಟಪಾಡಿಯ ಹತ್ತಿರ ಲಾರಿಯೊಂದು ಕೆಟ್ಟು ನಿಂತು ನನ್ನ ಬಸ್ಸು ಸಿಕ್ಕಿಹಾಕಿಕೊಂಡಿತು. ಅಕ್ಕ ಫೋನ್ ಮಾಡುತ್ತಲೇ ಇದ್ದಳು. "ಪರ್ಕಳ ದಾಟಿದೆ." ಸ್ವಲ್ಪ ಹೊತ್ತಿಗೆ, "ಮಣಿಪಾಲ ಬಂತು." ಆಮೇಲೆ, "ನಾನು ಬಂದು ಕೂತಾಯ್ತು, ಎಲ್ಲಿದ್ದಿ?"

ನಾನು ಮುಟ್ಟುವಾಗ ಕಾರ್ಕಳದ ಬಸ್ಸು ಸ್ಟಾರ್ಟ್ ಆಗಿತ್ತು. ಅಕ್ಕ ಬಾಗಿಲ ಪಕ್ಕ ಚೀಲ ಹಿಡಿದು ನಿಂತಿದ್ದಳು. ಈ ಬಸ್ಸು ಬಿಡು, ಖಾಸಗಿಯಲ್ಲಿ ಹೋಗು, ಟಿಕೆಟಿಗೆ ನಾನು ಕೊಡ್ತೇನೆ ಎಂಬ ಮಾತು ನನ್ನ ಬಾಯಿವರೆಗೆ ಬಂದಿತ್ತು. ಪರ್ಸಿನಲ್ಲಿ ಅಷ್ಟು ಇತ್ತು. ಆದರೆ ನಾಳೆ ಇನ್ನೆಂತ ಖರ್ಚು ಬರುತ್ತದೋ ಎಂಬ ಹೆದರಿಕೆ. ಅವಳೂ ಅದೇ ಲೆಕ್ಕದಲ್ಲಿದ್ದಾಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು.

"ಅಕ್ಕಾ, ಹತ್ತುವುದಾದರೆ ಹತ್ತಿ. ಪಂಚಾತಿಕೆ ಆಮೇಲೆ," ಎಂದ ಕಂಡಕ್ಟರ್.

ಅವಳು ಹತ್ತಿದಳು. ನಾನು ಕಿಟಕಿಯಿಂದ ಒಣಮೀನಿನ ಕಟ್ಟು ಒಳಗೆ ಹಾಕಿದೆ, ಅವಳು ಚೀಲವನ್ನು ಹೊರಗೆ ಚಾಚಿದಳು. "ತಿನ್ನು, ತಣ್ಣಗಾಗ್ತದೆ" ಎಂದದ್ದು ಅರ್ಧ ಕೇಳಿಸಿತು.

ಬೆಂಚಿನಲ್ಲಿ ಕೂತು ಚೀಲ ಬಿಚ್ಚಿದೆ. ನಾಲ್ಕು ಕಡುಬು, ಒರೆಸಿ ಮಡಚಿಟ್ಟ ಎರಡು ಬಾಳೆಲೆ ತುಂಡು. ಅವಳ ಪಾಲೂ ಅದರಲ್ಲೇ ಇತ್ತು. ಚಟ್ನಿಯಲ್ಲಿ ಆ ದಿನ ಕಾಯಿ ಧಾರಾಳವಾಗಿತ್ತು.

ಫೋನ್ ಮಾಡಿದೆ. "ಕಡುಬು ಎಲ್ಲ ಇಲ್ಲೇ ಉಂಟಲ್ಲ, ನೀನು ಎಂತ ತಿಂದದ್ದು?"

"ನನಗೆ ಹಸಿವಿಲ್ಲ. ನೀನು ಚಹಾ ಕುಡಿದೆಯಾ?"

"ಕುಡಿದೆ," ಎಂದೆ.

ಫ್ಲಾಸ್ಕಿನ ಮುಚ್ಚಳ ತೆರೆದಿರಲಿಲ್ಲ. ಕಾಪುವಿನ ಕಡೆಯ ಖಾಸಗಿ ಬಸ್ಸುಗಳು ಹೊರಗಿನ ರಸ್ತೆಯಲ್ಲಿ ಹಾರ್ನ್ ಹಾಕುತ್ತ ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಸರ್ಕಾರಿ ಬಸ್ಸಿಗೆ ಕಾಯುತ್ತ ಕೂತೆ.