ಓಣಿಯಲ್ಲಿ ಕಟ್ಟಿದ ಹಾಸು

ಇಳಕಲ್ಲಿನ ಆ ಓಣಿಯಲ್ಲಿ ಬೆಳಗಿನ ಆರರಿಂದ ಒಂಬತ್ತರವರೆಗೆ ಗಾಡಿಗಳು ಓಡಾಡುವುದಿಲ್ಲ. ಓಡಾಡಬಾರದೆಂದು ಫಲಕವಿಲ್ಲ, ನಗರಸಭೆಯ ಆದೇಶವೂ ಇಲ್ಲ. ಅದು ಹಾಸಿನ ಎಳೆಗಳಿಗೆ, ಅಂದರೆ ಸೀರೆಯ ಉದ್ದದ ನೂಲಿಗೆ, ಗಂಜಿ ಕೊಡುವ ಹೊತ್ತು ಎಂಬುದು ಎಲ್ಲರಿಗೂ ಗೊತ್ತು. ಮೂರು ಸೀರೆಗೆ ಸಾಕಾಗುವ ಉದ್ದದ ಎಳೆಗಳನ್ನು ಓಣಿಯ ನಡುವೆ ಸೊಂಟದೆತ್ತರಕ್ಕೆ ಬಿಗಿದು, ಎರಡೂ ತುದಿಗೆ ಗೂಟ ಹೂಡಿ, ಗಂಜಿ ಸುರಿದು, ಇಬ್ಬರು ಎದುರುಬದುರು ನಿಂತು ದೊಡ್ಡ ಕುಂಚದಿಂದ ಬಾಚುತ್ತಾ ಹೋಗುತ್ತಾರೆ. ಗಂಜಿ ಒಣಗುವ ಮೊದಲು ಹಾಸು ಸಡಿಲಾದರೆ ಎಳೆಗೆ ಎಳೆ ಅಂಟಿ ಮುದ್ದೆಯಾಗುತ್ತದೆ. ಆಮೇಲೆ ಅದನ್ನು ಯಾವ ಮಗ್ಗಕ್ಕೂ ಏರಿಸಲಾಗದು. ಹಾಗಾಗಿ ಹಸಿ ಹಾಸು ಕಂಡರೆ ಬಂದವರು ಮಾತಿಲ್ಲದೆ ತಿರುಗಿ ಹಿಂದಿನ ಓಣಿ ಹಿಡಿಯುತ್ತಾರೆ. ಮದುವೆಯ ಮೆರವಣಿಗೆಗಳು ತಿರುಗಿವೆ. ಒಮ್ಮೆ ಹೆಣವೂ ತಿರುಗಿತ್ತು.

ಸುನಂದಾಳಿಗೆ ಈಗ ನಲವತ್ತೇಳು. ಹುನಗುಂದದಲ್ಲಿ ಹಿಟ್ಟಿನ ಗಿರಣಿಯವರ ಮಗಳು. ಹತ್ತೊಂಬತ್ತಕ್ಕೆ ನೇಕಾರ ಈರಪ್ಪನನ್ನು ಮದುವೆಯಾಗಿ ಈ ಓಣಿಗೆ ಬಂದಾಗ ಹಾಸು ಯಾವುದು, ಹೊಕ್ಕು ಯಾವುದು ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಕುಂಚ ಹಿಡಿಯುವುದನ್ನು ಕಲಿಸಿದವಳು ಓಣಿಯ ತಿರುವಿನಾಚೆ ಇದ್ದ ಬನಶಂಕರಿ. ಅವಳು ಎರಡು ವರ್ಷ ದೊಡ್ಡವಳು, ಬಾಯಿ ಜೋರು. "ಗಂಜಿ ಅಂದ್ರ ರೊಟ್ಟಿ ಹಿಟ್ಟಲ್ಲವ್ವಾ, ನಾದಬ್ಯಾಡ. ಮಲಗಿದ ಕೂಸಿನ ಕೂದಲಾ ಬಾಚಿದಂಗ ಬಾಚು," ಎಂದು ಮೊದಲ ದಿನ ಬೈದಿದ್ದಳು. ಆ ಬೈಗಳದಿಂದ ಶುರುವಾದ ಜೋಡಿ ಇಪ್ಪತ್ತೇಳು ವರ್ಷ ನಡೆಯಿತು. ಹಾಸಿನ ಆ ಕಡೆ ಬನಶಂಕರಿ, ಈ ಕಡೆ ಸುನಂದಾ. ಬನಶಂಕರಿಯ ಗಂಡ ತೀರಿಹೋದಾಗ ಹನ್ನೊಂದು ದಿನ ಬಿಟ್ಟರೆ ಆ ಜೋಡಿ ತಪ್ಪಲಿಲ್ಲ.

ತಪ್ಪಿದ್ದು 2025ರ ಮಾರ್ಚ್ 19, ಬುಧವಾರ. ಅಂದು ಬೆಳಿಗ್ಗೆ ಬನಶಂಕರಿ ಫೋನ್ ಮಾಡಿ, "ಎದಿ ಯಾಕೋ ಹಿಡದಂಗ ಆಗೇತಿ, ಇವತ್ತೊಂದಿನ ನಿನ್ನ ಗಂಡನ್ನ ನಿಲ್ಲಿಸ್ಕೊ," ಎಂದಳು. ಈರಪ್ಪ ಗೊಣಗುತ್ತಾ ಕುಂಚ ಹಿಡಿದ. ಏಳೂ ಇಪ್ಪತ್ತರ ಹೊತ್ತಿಗೆ ಓಣಿಯ ಒಳಗಿನಿಂದ ಮುರ್ತುಜಸಾಬನ ಆಟೊ ಬಂದು ಎರಡು ಸಲ ಹಾರ್ನ್ ಹೊಡೆಯಿತು. ಪೇಟೆಯ ರಸ್ತೆಗೆ, ಅಲ್ಲಿಂದ ದವಾಖಾನೆಗೆ ಈ ಓಣಿಯೇ ಹತ್ತಿರದ ದಾರಿ.

"ಸುನಂದಕ್ಕಾ, ಸ್ವಲ್ಪ ದಾರಿ!"

"ಹಸಿ ಐತ್ರಿ. ಹಿಂದಿಂದ ಹೋಗ್ರಿ."

ಮುರ್ತುಜಸಾಬ ಒಂದು ಮಾತೂ ಆಡದೆ ಆಟೊ ತಿರುಗಿಸಿದ. ಒಳಗೆ ಯಾರಿದ್ದಾರೆಂದು ಅವನು ಹೇಳಲಿಲ್ಲ, ಸುನಂದಾ ಕೇಳಲಿಲ್ಲ. ಆ ಓಣಿಯಲ್ಲೇ ಹುಟ್ಟಿದ ಮನುಷ್ಯ ಅವನು. ಹಸಿ ಹಾಸಿನ ಎದುರು ವಾದ ಮಾಡುವುದು ಅವನ ನಾಲಿಗೆಗೆ ಬರಲೇ ಇಲ್ಲ. ಹಿಂದಿನ ಓಣಿಯಲ್ಲಿ ಕಾಯಿಪಲ್ಲೆಯ ಗಾಡಿಗಳು ನಿಂತಿದ್ದವು. ಆಟೊ ದವಾಖಾನೆ ಮುಟ್ಟಿದಾಗ ಡಾಕ್ಟರು ಬನಶಂಕರಿಯ ನಾಡಿ ನೋಡಿ ತಲೆ ಅಲ್ಲಾಡಿಸಿದರು. ಕೆಲವು ನಿಮಿಷ ಮೊದಲು ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಯಾರೋ ಕೇಳಿದ್ದಕ್ಕೆ, ಉಳಿಯುತ್ತಿದ್ದಳು ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು ಎಂದರು.

ಆ ದಿನದ ಹಾಸು ಕೆಡಲಿಲ್ಲ. ಮೂರು ಸೀರೆ ಬಂದವು, ಮೂರೂ ಮಾರಾಟವಾದವು.

ಬನಶಂಕರಿಯ ಒಬ್ಬಳೇ ಮಗಳು ಮಹೇಶ್ವರಿ ಆಗ ದಿನಾ ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗಿ ಬಂದು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಸುದ್ದಿ ಮುಟ್ಟಿದಾಗ ಅವಳ ಬಸ್ಸು ಬಾಗಲಕೋಟೆಯ ನಿಲ್ದಾಣ ಸೇರುತ್ತಿತ್ತು. ಅದೇ ನಿಲ್ದಾಣದಿಂದ ತಿರುಗಿ ಬಂದಳು. ಆಟೊದಲ್ಲಿ ಬನಶಂಕರಿಯ ಪಕ್ಕ ಕೂತಿದ್ದ ನೆರೆಮನೆಯ ಮುದುಕಿ ಲಗಮವ್ವ ಹುಡುಗಿಯ ತಲೆ ಸವರಿ, "ಆಟೊ ಹತ್ತಿಸೂ ಮೊದಲ ಜೀವ ಹೋಗಿತ್ತವ್ವಾ. ತ್ರಾಸ ಆಗಲಿಲ್ಲ ಆಕಿಗೆ," ಎಂದಳು. ಮಹೇಶ್ವರಿ ಆ ಮಾತನ್ನು ಹಿಡಿದುಕೊಂಡು ದಿನ ದೂಡಿದಳು. ಕೆಲವು ತಿಂಗಳಿಗೆ ಲಗಮವ್ವ ಬಾದಾಮಿಯ ಮಗಳ ಮನೆಗೆ ಹೋಗಿ ಉಳಿದುಬಿಟ್ಟಳು.

ತಾಯಿ ಹೋದ ಆರು ತಿಂಗಳಿಗೆ ಮಹೇಶ್ವರಿ ಬಾಗಲಕೋಟೆಯಲ್ಲೇ ಕಾನೂನು ಕಾಲೇಜು ಸೇರಿದಳು, ಬಸ್ಸಿನ ಓಡಾಟ ಮೊದಲಿನಂತೆಯೇ. ಊಟ ಸುನಂದಾಳ ಮನೆಯಲ್ಲಿ. ಕರೆದವರೂ ಇಲ್ಲ, ಬೇಡವೆಂದವರೂ ಇಲ್ಲ, ತಾನಾಗಿಯೇ ಹಾಗಾಯಿತು. ಸುನಂದಾಳನ್ನು ಚಿಗವ್ವ ಎಂದು ಕರೆಯುತ್ತಿದ್ದಳು, ಮೊದಲಿನಿಂದಲೂ. ಆ ಬುಧವಾರದ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಕೇಳದಿದ್ದಷ್ಟೂ ಸುನಂದಾಳ ತಟ್ಟೆಯ ರೊಟ್ಟಿ ಕಡಿಮೆಯಾಗುತ್ತಾ ಹೋಯಿತು. ಈರಪ್ಪ ಅದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಹಾಕಿದ.

ಹುಡುಗಿಗೆ ಬಾಯಿಬಿಟ್ಟು ಓದುವ ರೂಢಿ. ಮೊದಲ ಸೆಮಿಸ್ಟರಿನಲ್ಲಿ ಟಾರ್ಟ್ ಎಂಬ ವಿಷಯವಿತ್ತು. ಕನ್ನಡದಲ್ಲಿ ಅಪಕೃತ್ಯ ಎನ್ನುತ್ತಾರೆ ಎಂದು ಅವಳೇ ಹೇಳಿದಳು. ಕಳವು, ಕೊಲೆಯಂಥದ್ದಲ್ಲ. ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ಹಾನಿಯಾದರೆ, ಆ ಹಾನಿಯನ್ನು ಹೊರುವವರು ಯಾರು ಎಂದು ಕೇಳುವ ಕಾಯಿದೆ. ಕಲಿತದ್ದನ್ನೆಲ್ಲ ಈರಪ್ಪನ ಮೇಲೆ ಪ್ರಯೋಗ ಮಾಡುತ್ತಿದ್ದಳು.

"ಕಾಕಾ, ನಿಮ್ಮ ಮಾಳಿಗಿ ಕಲ್ಲು ಜಾರಿ ಹಾದಿ ಹೋಗೋರ ತಲಿ ಮ್ಯಾಲ ಬಿತ್ತು. ಯಾರ ತಪ್ಪು?"

"ತಲೀದು," ಎಂದ ಈರಪ್ಪ ಮಗ್ಗದ ಕುಣಿಯಿಂದ. "ಕಲ್ಲು ನಮ್ಮಪ್ಪನ ಕಾಲದಿಂದ ಅಲ್ಲೇ ಐತಿ. ತಲಿ ನಡುವ ಬಂತು."

"ಹಿಂಗಂದ್ರ ಜಡ್ಜ್ ಸಾಹೇಬ್ರು ನಿಮ್ಮನ್ನ ಹೊರಗ ಹಾಕ್ತಾರ. ಕಲ್ಲು ಅಳ್ಳಾಡೂದು ನಿಮಗ ಗೊತ್ತಿತ್ತೋ ಇಲ್ಲೋ, ಅದನ್ನ ಹೇಳ್ರಿ ಮೊದಲ."

"ಗೊತ್ತಿದ್ರ?"

"ಗೊತ್ತಿದ್ದೂ ಬಿಟ್ರ ನಿಮ್ಮ ಹೊಣಿ. ಗೊತ್ತಾಗೂ ಹಂಗ ಇರಲೇ ಇಲ್ಲ ಅಂದ್ರ ಪಾರಾದ್ರಿ."

"ನೀ ವಕೀಲಕಿ ಆದ ಮ್ಯಾಲ ಮೊದಲ ಕೇಸ್ ನಂದ ಹಿಡೀವ್ವಾ. ನಿಮ್ಮ ಚಿಗವ್ವನ ಕೈಯಾಗ ಸಿಕ್ಕು ಇಪ್ಪತ್ತೆಂಟು ವರ್ಷಾತು, ಭಾಳ ಹಾನಿ ಆಗೇತಿ."

ಮಹೇಶ್ವರಿ ನಗುತ್ತಿದ್ದಳು. ಒಲೆಯ ಮುಂದಿದ್ದ ಸುನಂದಾ ನಗಲಿಲ್ಲ. ಗೊತ್ತಿತ್ತೋ ಇಲ್ಲೋ ಎಂಬ ಮಾತು ಅವಳ ಕಿವಿಯಲ್ಲೇ ನಿಂತಿತ್ತು.

ಈ ವರ್ಷದ ಜನವರಿಯ ಒಂದು ರವಿವಾರ, ಮಧ್ಯಾಹ್ನದ ಊಟದ ಮೇಲೆ ಮಹೇಶ್ವರಿ ಚೀಲದಿಂದ ಹಾಳೆಗಳನ್ನು ತೆಗೆದಳು. ಈರಪ್ಪ ನೂಲು ತರಲು ಪೇಟೆಗೆ ಹೋಗಿದ್ದ. ಟಾರ್ಟ್ ಕಲಿಸುವ ವಿಜಯಮಹಾಂತೇಶ ಸರ್ ಬರೆಯಲು ಕೊಟ್ಟಿದ್ದರಂತೆ: ನಿಮ್ಮ ಊರಿನಲ್ಲಿ ನೀವು ಕಂಡ ಒಂದು ಹಾನಿಯನ್ನು ತೆಗೆದುಕೊಂಡು, ಅದಕ್ಕೆ ಕಾನೂನಿನಲ್ಲಿ ಯಾರಾದರೂ ಹೊಣೆಯೇ ಎಂದು ಹೇಳಿ.

"ಚಿಗವ್ವ, ಒಂದ ಬರದೇನಿ. ಕೇಳ್ತಿಯೇನು?"

"ನನಗೇನ ತಿಳೀತೈತಿ ನಿನ್ನ ಕಾಯ್ದೆ."

"ಇದು ತಿಳೀತೈತಿ."

ಅವಳು ಓದತೊಡಗಿದಳು. ಅ ಎಂಬವಳು ಸಾರ್ವಜನಿಕ ಓಣಿಯಲ್ಲಿ ಹಾಸು ಕಟ್ಟಿದ್ದಳು. ಬ ಎಂಬವಳನ್ನು ದವಾಖಾನೆಗೆ ಒಯ್ಯುತ್ತಿದ್ದ ಆಟೊವನ್ನು ತಿರುಗಿಸಿ ಕಳಿಸಿದಳು. ಹೆಸರುಗಳಿರಲಿಲ್ಲ. ಸುನಂದಾ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

ಬರಹ ಅಚ್ಚುಕಟ್ಟಾಗಿತ್ತು. ತಲೆತಲಾಂತರದ ರೂಢಿ ಎಂಬ ಕಾರಣಕ್ಕೆ ದಾರಿ ಕಟ್ಟುವುದು ಸರಿಯಾಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡಿತ್ತು. ಎರಡೂ ದಾರಿಯಲ್ಲಿ ಮಹೇಶ್ವರಿ ಮುರ್ತುಜಸಾಬನ ಆಟೊದಲ್ಲೇ ಕೂತು ಗಡಿಯಾರ ಹಿಡಿದು ನೋಡಿದ್ದಳು. ನೇರ ಹೋದರೆ ಏಳು ನಿಮಿಷ, ಸುತ್ತಿದರೆ ಹದಿನೈದು. ಆದರೆ ಅಷ್ಟರಿಂದಲೇ ಅ ಹೊಣೆಗಾರಳಾಗುವುದಿಲ್ಲ ಎಂದಿತ್ತು ಮುಂದಿನ ಪುಟ. ನಮ್ಮ ನಡೆಯಿಂದ ಯಾರಿಗೆ ಪೆಟ್ಟಾಗಬಹುದೆಂದು ನಮಗೆ ಕಾಣುವಂತಿರುತ್ತದೋ ಅವರ ಬಗ್ಗೆ ಎಚ್ಚರ ವಹಿಸುವುದು ನಮ್ಮ ಹೊಣೆ. ಆಟೊದಲ್ಲಿ ರೋಗಿ ಇದ್ದಾಳೆಂದು ಅ ಎಂಬವಳಿಗೆ ಯಾರೂ ಹೇಳಿರಲಿಲ್ಲ, ಅವಳಿಗೆ ತಿಳಿಯುವ ದಾರಿಯೂ ಇರಲಿಲ್ಲ. ಅವಳ ಜಾಗದಲ್ಲಿ ವಿವೇಕವುಳ್ಳ ಯಾವ ನೇಕಾರಳೂ ಅದನ್ನೇ ಹೇಳುತ್ತಿದ್ದಳು. ಇನ್ನೊಂದು, ಹಾನಿ ಆ ತಡದಿಂದಲೇ ಆಗಿರಬೇಕು. ಪಕ್ಕದಲ್ಲಿ ಕೂತಿದ್ದವಳ ಮಾತಿನಂತೆ ಬ ಎಂಬವಳ ಪ್ರಾಣ ಆಟೊ ಹತ್ತುವ ಮೊದಲೇ ಹೋಗಿತ್ತು. ಸತ್ತವರಿಗೆ ತಡವಾಗುವುದಿಲ್ಲ.

"ಆದ್ದರಿಂದ ಅ ಹೊಣೆಗಾರಳಲ್ಲ," ಎಂದು ಓದಿ ಮಹೇಶ್ವರಿ ಹಾಳೆ ಮಡಚಿದಳು. ತಲೆ ಎತ್ತದೆ, "ಇದನ್ನ ನಿನ್ನ ಮುಂದ ಓದಬೇಕಿತ್ತು, ಅದಕ್ಕ ಬರದೆ," ಎಂದಳು.

ಹತ್ತು ತಿಂಗಳಿಂದ ಸುನಂದಾ ಕಾಯುತ್ತಿದ್ದ ಮಾತು ಅದು. ಇನ್ನೇನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದು, ಹುಡುಗಿಯ ತಲೆ ಸವರಿ ಎದ್ದರೆ ಮುಗಿಯುತ್ತಿತ್ತು. ಅವಳು ಕೈಯನ್ನು ಅಷ್ಟು ದೂರ ಚಾಚಿಯೂ ಚಾಚಿದಳು, ಮುಟ್ಟಲಿಲ್ಲ.

"ಮಹೇಶಿ, ಅದು ಖರೆ ಅಲ್ಲ."

"ಯಾವುದು?"

"ಅ ಅಂದ್ಯಲ್ಲ, ಆಕಿಗೆ ಗೊತ್ತಿತ್ತು."

ಮಹೇಶ್ವರಿ ನೋಡಿದಳು. ಸುನಂದಾ ಗೋಡೆಗೆ ಮುಖ ಮಾಡಿ ಹೇಳಿದಳು. ಓಣಿ ಇಕ್ಕಟ್ಟು, ಆಟೊ ಒಂದೇ ಸಲಕ್ಕೆ ತಿರುಗಲಿಲ್ಲ. ಮೂರು ಸಲ ಹಿಂದೆ ಮುಂದೆ ಆಡಬೇಕಾಯಿತು. ಎರಡನೆಯ ಸಲ ಅದರ ಪಕ್ಕ ಈ ಕಡೆಗೆ ಬಂತು. "ಕೈ ಕಾಣಿಸ್ತು ನನಗ. ಆಟೊದ ಕಬ್ಬಿಣದ ಸಳಿ ಹಿಡಕೊಂಡಿತ್ತು."

"ಯಾರ ಕೈ?"

"ನಿಮ್ಮವ್ವಂದು. ಇಪ್ಪತ್ತೇಳು ವರ್ಷ ಎದುರಿಗೆ ಕುಂಚ ಹಿಡಿದ ಕೈ. ಮಣಿಕಟ್ಟಿನ ಮ್ಯಾಲ ಗಂಜಿ ಬಿದ್ದ ಸುಟ್ಟ ಕಲಿ ಇತ್ತಲ್ಲ. ಗುರ್ತ ಹಿಡೀದ ಇರ್ತೇನೇನು? ಬೆಳಿಗ್ಗೆ ಎದಿ ನೋವು ಅಂದಿದ್ದೂ ನೆನಪಿತ್ತು. ಮುರ್ತುಜಣ್ಣಾ ನಿಲ್ಲು ಅಂತ ಒಂದ ಮಾತು ಬಾಯಿತನಕ ಬಂತು. ಹಾಸು ನೋಡಿದೆ. ಆಗಷ್ಟ ಗಂಜಿ ಸುರದಿದ್ದೆ. ಹಿಂದಿಂದ ಹೋದ್ರೂ ಮುಟ್ತಾರ ಬಿಡು ಅಂತ..." ಅವಳು ನಿಲ್ಲಿಸಿದಳು. "ನಿಮ್ಮ ಕಾಕಾಗೂ ಹೇಳಿಲ್ಲ. ಅವರು ಆ ಕಡೆ ಮುಖ ಮಾಡಿ ನಿಂತಿದ್ರು."

ಬೈಯಬಹುದು, ಅಳಬಹುದು, ಎದ್ದು ಹೋಗಬಹುದು ಎಂದು ಸುನಂದಾ ಕಾದಳು. ಮಹೇಶ್ವರಿ ಕೇಳಿದ್ದು ಬೇರೆ.

"ಹಿಡಕೊಂಡಿತ್ತು ಅಂದ್ರ?"

"ಏನು?"

"ಕೈ ಸಳಿ ಮ್ಯಾಲ ಬಿದ್ದಿತ್ತೋ, ಹಿಡಿದಿತ್ತೋ?"

ಆ ಪ್ರಶ್ನೆ ಯಾಕೆಂದು ಸುನಂದಾಳಿಗೆ ಆಗಲೂ ಹೊಳೆಯಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದಳು. "ಗಟ್ಟಿ ಹಿಡಿದಿತ್ತು. ಆಟೊ ಹೊಳ್ಳುವಾಗ ಜೋಲಿ ಹೋತು, ಆದ್ರೂ ಬಿಡಲಿಲ್ಲ."

"ಹಂಗಾರ ಲಗಮವ್ವಾಯಿ ಅಂದಿದ್ದು..." ಎಂದು ಮಹೇಶ್ವರಿ ಮಡಚಿದ ಹಾಳೆಯನ್ನು ನೋಡಿದಳು.

ತನ್ನ ತಪ್ಪನ್ನು ಒಪ್ಪಿಕೊಳ್ಳುವ ಅವಸರದಲ್ಲಿ ಹುಡುಗಿಯಿಂದ ತಾನು ಏನನ್ನು ಕಿತ್ತುಕೊಂಡೆ ಎಂಬುದು ಸುನಂದಾಳಿಗೆ ಆಗ ತಿಳಿಯಿತು. ನೋವಿಲ್ಲದ, ತಡವಾಗಲು ಏನೂ ಉಳಿದಿರದ ಒಂದು ಸಾವು ಮಹೇಶ್ವರಿಯ ಹತ್ತಿರ ಇತ್ತು. ಈಗ ಅದು ಇಲ್ಲ.

"ಯಾಕ ಹೇಳಿದಿ ಈಗ?"

"ನೀ ನನ್ನ ತಪ್ಪಿಲ್ಲ ಅಂತ ಬಿಟ್ಟಬಿಟ್ಟಿಯಲ್ಲ, ಮಗಳ. ಸುಳ್ಳಿನ ಮ್ಯಾಲ ಬಿಟ್ಟಿ." ಸುನಂದಾ ಗೋಡೆಯಿಂದ ಮುಖ ತಿರುಗಿಸಿ, "ಕೇಸ್ ಹಾಕು. ಇದನ್ನ ಅಲ್ಲಿ ಬಂದೂ ಹೇಳ್ತೇನಿ," ಎಂದಳು.

"ಹಾಕಿದ್ರ ಏನ ಆಗ್ತೈತಿ ಅನ್ಕೊಂಡಿ? ಟಾರ್ಟಿನಾಗ ಶಿಕ್ಷಾ ಇಲ್ಲ ಚಿಗವ್ವ. ಪರಿಹಾರ ಅಷ್ಟ." ಮಹೇಶ್ವರಿಯ ದನಿ ಪಾಠ ಒಪ್ಪಿಸುವವರ ದನಿಯಂತೆ ಸಪಾಟಾಗಿತ್ತು. "ಆ ಎಂಟು ನಿಮಿಷದಿಂದಲೇ ಹೋದ್ಲು ಅಂತ ನಾ ತೋರಿಸಬೇಕು. ಡಾಕ್ಟರಿಗೇ ಗೊತ್ತಿಲ್ಲ. ಕೇಸ್ ನಿಲ್ಲೂದಿಲ್ಲ."

"ಹಂಗಾರ ನಾ ಏನು?"

ಮಹೇಶ್ವರಿ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಸಂಜೆ ಊಟಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಏನಾಯಿತೆಂದು ಈರಪ್ಪ ಕೇಳಿದಾಗ ಸುನಂದಾ ಅವನಿಗೂ ಹೇಳಿದಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದವನು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ. "ನನಗ ಕಂಡಿದ್ರೂ ನಾನೂ ಹಂಗ ಮಾಡ್ತಿದ್ದೆನೇನೋ," ಎಂದ. ಆ ಮಾತು ಅವಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಮಹೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು, ಯಾವಾಗಲೂ ಕೂರುವ ಜಾಗದಲ್ಲಿ ಕೂತಳು. ಬಾದಾಮಿಗೆ ಹೋಗಿ ಲಗಮವ್ವನನ್ನು ಕಂಡು ಬಂದಿದ್ದಳು.

"ನನಗ ಸಮಾಧಾನ ಆಗ್ಲಿ ಅಂತ ಹಂಗಂದಿದ್ಲಂತ. ಕಾಯಿಪಲ್ಲೆ ಗಾಡಿ ದಾಟೂತನಕ ಅವ್ವ ಮಾತಾಡಿದ್ಲಂತ. ನೀರು ಕೇಳಿದ್ಲಂತ. ನನ್ನ ಬಸ್ಸು ಎಲ್ಲಿ ಮುಟ್ಟಿರತೈತಿ ಅಂತ ಕೇಳಿದ್ಲಂತ."

ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ಅಳಸಾಕ ಬಂದಿಲ್ಲ," ಎಂದಳು ಮಹೇಶ್ವರಿ. "ಸರ್ ಕಡೆ ಆ ಉತ್ತರ ಕೊಡಲಿಲ್ಲ. ಪ್ಯಾಟ್ಯಾಗ ಯಾರಿಗೋ ಸಾಕಿದ ನಾಯಿ ಕಚ್ಚಿದ್ದು ಬರದು ಕೊಟ್ಟೆ. ಕ್ಷಮಾ ಗಿಮಾ ಕೇಳಬ್ಯಾಡ. ಈಗ ನನ್ನ ಕಡೆ ಅದಿಲ್ಲ." ಅವಳು ಮೊಣಕಾಲು ಅಪ್ಪಿಕೊಂಡಳು. "ಲಗಮವ್ವಾಯಿಗೆ ಕಣ್ಣು ಮಸಕು. ಮುರ್ತುಜಕಾಕಾ ಹಿಂದ ತಿರುಗಿ ನೋಡಿಲ್ಲ. ಅವ್ವನ್ನ ನೋಡಿದಾಕಿ ನೀ ಒಬ್ಬಾಕಿ. ಮೊದಲಿಂದ ಹೇಳು. ಹಾರ್ನ್ ಹೊಡದಾಗಿಂದ."

ಸುನಂದಾ ಹೇಳಿದಳು. ನಿಧಾನವಾಗಿ, ಏನೂ ಬಿಡದೆ, ತನ್ನ ಪರವಾಗಿ ಒಂದು ಮಾತನ್ನೂ ಸೇರಿಸದೆ. ಮಹೇಶ್ವರಿ ನಡುನಡುವೆ ಕೇಳುತ್ತಿದ್ದಳು.

"ಯಾವ ಕೈ?"

"ಬಲಗೈ."

"ಬಳಿ?"

"ಬೆಳ್ಳಿದು. ಒಂದ."

"ಮುಖ?"

"ಕಾಣಲಿಲ್ಲ. ಪರದೆ ಇತ್ತು."

"ತಿರುವಿನ ತನಕ ಕೈ ಕಾಣಸ್ತಿತ್ತೇನು?"

"ಕಾಣಸ್ತಿತ್ತು."

ಮುಂದಿನ ರವಿವಾರವೂ ಬಂದಳು. ಅದನ್ನೇ ಕೇಳಿದಳು. ಅದರ ಮುಂದಿನ ರವಿವಾರವೂ. ಹೇಳುತ್ತಾ ಸುನಂದಾ ಪ್ರತಿ ಸಲ ಆ ಓಣಿಯಲ್ಲಿ ಕುಂಚ ಹಿಡಿದು ನಿಲ್ಲುತ್ತಾಳೆ, ಹಸಿ ಐತ್ರಿ ಎನ್ನುತ್ತಾಳೆ, ಆಟೊ ಮೂರು ಸಲ ಆಡಿ ತಿರುಗುತ್ತದೆ. ಹೇಳಿ ಮುಗಿದ ಮೇಲೆ ಸುನಂದಾ ಎದ್ದು ಚಹಾಕ್ಕೆ ಇಡುತ್ತಾಳೆ. ಕೆಲವು ಸಲ ಮಹೇಶ್ವರಿ ಕುಡಿದು ಹೋಗುತ್ತಾಳೆ, ಕೆಲವು ಸಲ ಕುಡಿಯದೆ.