ಟೇಪು ಸುತ್ತಿದ ನೀಲಿ ವೈರು

ಮೂವತ್ತೊಂದು ವರ್ಷ ಒಂದೇ ತಗಡಿನ ಶೆಡ್ಡಿನಲ್ಲಿ ಕೂತು ಕಂಡವರ ಕಾರುಗಳಿಗೆಲ್ಲ ಹಾಡಲು ಕಲಿಸಿದ ಮನುಷ್ಯನನ್ನು ಬೀದಿಯವರು ಸೌಂಡ್ ಮೇಷ್ಟ್ರು ಎಂದು ಕರೆದರೆ ತಪ್ಪೇನು ಹೇಳಿ. ಏಳನೇ ಕ್ಲಾಸಿನ ಮೇಲೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗೆ ತಲೆ ತೂರಿಸಿದರೆಂದರೆ ಯಾವ ವೈರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೆಲ್ಲ ಬಾಯಿಪಾಠ. ಗಿರಾಕಿ ಪಕ್ಕದಲ್ಲಿ ನಿಂತು ಮೂಗು ತೂರಿಸಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. ನೀವೇ ಮಾಡ್ಕೊಳ್ಳಿ ಹಾಗಾದ್ರೆ ಎಂದು ಸ್ಕ್ರೂಡ್ರೈವರನ್ನು ಅವನ ಮುಂದೆ ಹಿಡಿದುಬಿಡುತ್ತಿದ್ದರು. ಅದನ್ನು ಕೈಗೆ ತೆಗೆದುಕೊಂಡ ಧೀರ ಇನ್ನೂ ಹುಟ್ಟಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಕಾರಿಗೆ ಕೂರಿಸುವ ಹೊಸ ಸ್ಟೀರಿಯೋ ಸೆಟ್ಟಿನ ಬೆನ್ನಿಗೆ ವೈರುಗಳ ಗೊಂಚಲು ಇರುತ್ತದಲ್ಲ, ಅದರಲ್ಲಿ ನೀಲಿಯದೊಂದು. ಹಿಂದೆಲ್ಲ ಸೆಟ್ ಆನ್ ಮಾಡಿದ ಕೂಡಲೇ ಕಾರಿನ ಏರಿಯಲ್ ತಾನಾಗಿ ಮೇಲೇಳಲಿ ಎಂದು ಇಟ್ಟ ವೈರು ಅದು. ಅಂಥ ಏರಿಯಲ್ಲಿನ ಗಾಡಿಗಳು ಈ ಬೀದಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಸೆಟ್ ಕೈಗೆ ಬಂದರೆ ಮೇಷ್ಟ್ರು ಮಾಡುವ ಮೊದಲ ಕೆಲಸವೇ ಆ ನೀಲಿ ವೈರಿನ ತುದಿಗೆ ಕಪ್ಪು ಟೇಪು ಸುತ್ತಿ ಹಿಂದಕ್ಕೆ ಮಡಚುವುದು. ಬೇಡದ ಕೂಸು ಎಂದು ಅದಕ್ಕೆ ಹೆಸರೂ ಇಟ್ಟಿದ್ದರು.

ಟ್ರಾವೆಲ್ಸ್ ಯಜಮಾನಿಯ ಕಾರು ಬಂದ ದಿನವೂ ಹಾಗೇ ಮಾಡಿದರು. ಆಕೆ ಹತ್ತು ಹದಿನೈದು ಗಾಡಿ ಓಡಿಸುವ ಕಟ್ಟುನಿಟ್ಟಿನ ಹೆಂಗಸು. ಸ್ವಂತಕ್ಕೆಂದು ಸೆಕೆಂಡ್ ಹ್ಯಾಂಡಿನ ದೊಡ್ಡ ಕಾರು ಕೊಂಡಿದ್ದರು. ಅದರಲ್ಲಿ ಕಂಪನಿಯವರೇ ಕೂರಿಸಿದ ಒಳ್ಳೆಯ ಸ್ಪೀಕರುಗಳು, ಸೀಟಿನ ಕೆಳಗೆ ಸದ್ದು ಹೆಚ್ಚಿಸುವ, ಈ ಶೆಡ್ಡಿಗೆ ಅಪರೂಪದ ಆಂಪ್ಲಿಫೈಯರು, ಎಲ್ಲ ಇದ್ದವು. ಹಳೆಯ ಸೆಟ್ ಮಾತ್ರ ಕೊಳ್ಳುವಾಗಲೇ ಸತ್ತಿತ್ತು. ಮೇಷ್ಟ್ರು ಹೊಸ ಸ್ಕ್ರೀನ್ ಸೆಟ್ ಕೂರಿಸಿದರು. ಸ್ಕ್ರೀನು ಬೆಳಗಿತು, ಹಾಡು ಓಡತೊಡಗಿತು, ಸ್ಪೀಕರಿನಿಂದ ಪಿಟ್ಟೆಂಬ ಸದ್ದಿಲ್ಲ. ಸೀಟಿನ ಕೆಳಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರೆ ಆಂಪ್ಲಿಫೈಯರಿಗೆ ಕರೆಂಟು ಬರುತ್ತಿದೆ. ಕರೆಂಟು ಬಂದೂ ಬಾಯಿ ಬಿಡುವುದಿಲ್ಲವೆಂದರೆ ಸುಟ್ಟಿದೆ ಎಂದೇ ಅರ್ಥ. ಸುಟ್ಟಿದೆ ಮೇಡಂ ಎಂದುಬಿಟ್ಟರು.

ಯಜಮಾನಿ ಸ್ವಲ್ಪ ಯೋಚಿಸಿ, "ಕಾರ್ಪೆಟ್ ಒದ್ದೆಯಾಗಿದೆ ಅಂತ ಹೋದ ವಾರ ನಿಮ್ಮ ಭಾವಮೈದುನನೇ ನನ್ನನ್ನ ಕೇಳದೆ ಸೀಟ್ ಬಿಚ್ಚಿದ್ದ. ಅವನ ಕೈಯಿಂದ ಆಗಿರಬಹುದಾ?" ಎಂದು ಕೇಳಿದರು.

ಭಾವಮೈದುನನೆಂದರೆ ಹೆಂಡತಿಯ ತಮ್ಮ. ಇದೇ ಶೆಡ್ಡಿನಲ್ಲಿ ಆರು ವರ್ಷ ಕೆಲಸ ಕಲಿತು, ಒಂಬತ್ತು ವರ್ಷದಿಂದ ಆ ಟ್ರಾವೆಲ್ಸಿನಲ್ಲೇ ಗಾಡಿಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು. ಮೇಷ್ಟ್ರಿಗೆ ಊಟದ ಹೊತ್ತು ಮೀರಿತ್ತು, ಸೊಂಟ ಹಿಡಿದಿತ್ತು, ಗಿರಾಕಿಯ ಮುಂದೆ ಸದ್ದು ಬರಿಸಲಾಗದ ಮುಜುಗರ ಬೇರೆ. "ಇರಬಹುದು," ಎಂದರು. ಅಷ್ಟೇ ಅಂದದ್ದು. ಬಳಿಕ ಸೆಟ್ಟಿನಿಂದ ಸ್ಪೀಕರುಗಳಿಗೆ ನೇರವಾಗಿ ವೈರು ಎಳೆದು ಹೇಗೋ ಬಡಕಲು ಸದ್ದು ಹೊರಡಿಸಿ, ಆಂಪ್ಲಿಫೈಯರನ್ನು ಗುಜರಿ ಪೆಟ್ಟಿಗೆಗೆ ಎಸೆದು ಊಟಕ್ಕೆ ಹೊರಟರು.

ಹೇಳದೆ ಕೇಳದೆ ನನ್ನ ಗಾಡಿ ಬಿಚ್ಚುವವರು ಬೇಡ ಎಂದು ಯಜಮಾನಿ ಮಾರನೆಯ ದಿನವೇ ಅವನನ್ನು ಕೆಲಸದಿಂದ ಬಿಡಿಸಿದರು. ಸುದ್ದಿ ಕೇಳಿ ಮೇಷ್ಟ್ರಿಗೆ ಕೆಡುಕೆನಿಸಿತು, ಸುಳ್ಳಲ್ಲ. ಆದರೆ ಕೈ ಅವನದು, ನಾನೇನು ಮಾಡಲಿ ಎಂದು ಸಮಾಧಾನ ಮಾಡಿಕೊಂಡರು.

ಸೋಮವಾರ ಮಧ್ಯಾಹ್ನ ಕೆಲಸವಿರಲಿಲ್ಲ. ಬಿಡಿಭಾಗವಾದರೂ ಸಿಕ್ಕೀತು ಎಂದು ಆ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು, ಬ್ಯಾಟರಿಗೂ ಒಂದು ಸ್ಪೀಕರಿಗೂ ಜೋಡಿಸಿದರು. ಸುಮ್ಮನಿತ್ತು. ಮೂಲೆಯಲ್ಲೊಂದು ಸಣ್ಣ ವೈರು ಕಂಡಿತು. ಅದಕ್ಕೂ ಕರೆಂಟು ಮುಟ್ಟಿಸಿದರು. ಸ್ಪೀಕರು ಟಪ್ ಎಂದಿತು. ಫೋನು ಸಿಕ್ಕಿಸಿದರೆ ಶೆಡ್ಡಿನ ತಗಡು ನಡುಗುವಂತೆ ಹಾಡು ಬಂತು.

ಮೇಷ್ಟ್ರಿಗೆ ಆಗ ಹೊಳೆಯಿತು. ಸೆಟ್ ಆನ್ ಆದಾಗ ಈ ಸಣ್ಣ ವೈರಿಗೆ ಕರೆಂಟು ಕೊಟ್ಟು ಆಂಪ್ಲಿಫೈಯರನ್ನು ಎಬ್ಬಿಸುವುದು ಆ ನೀಲಿ ವೈರು. ಅದಕ್ಕೆ ಟೇಪು ಸುತ್ತಿದವರು ಯಾರು? ಅಯ್ಯೋ ದೇವರೇ. ಅವರು ಮೊದಲು ಮಾಡಿದ್ದೇನು ಗೊತ್ತೇ? ಹಾಡು ನಿಲ್ಲಿಸಿ ಬಾಗಿಲಿಗೆ ಬಂದು, ಎದುರಿನ ಟೈರಿನ ಅಂಗಡಿಯವನಿಗೆ ಕೇಳಿಸಿತೇ ಎಂದು ಇಣುಕಿ ನೋಡಿದರು. ಆಮೇಲೆ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ತುರುಕಿದರು. ಅರವತ್ತರ ಹತ್ತಿರದ ಮನುಷ್ಯ, ಕದ್ದ ಮಾಲು ಬಚ್ಚಿಡುವವನ ಹಾಗೆ. ಅವರಿಗೇ ಹೇಸಿಗೆಯಾಯಿತು. ಆದರೂ ತುರುಕಿದರು.

ಮಂಗಳವಾರ ಸಂಜೆ ಭಾವಮೈದುನ ಮನೆಗೆ ಬಂದ. ಸಿಟ್ಟಿನಿಂದ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲಸ ಕಲಿಯಲು ಬಂದ ಮೊದಲ ದಿನ ಮೇಷ್ಟ್ರೇ ಕೊಟ್ಟಿದ್ದ, ಕರೆಂಟು ಅಳೆಯುವ ಮೀಟರನ್ನು ಚೀಲದಿಂದ ತೆಗೆದು ಟೀಪಾಯಿಯ ಮೇಲಿಟ್ಟ.

"ಭಾವ, ಇದು ನಿಮ್ಮದು, ನೀವೇ ಇಟ್ಕೊಳ್ಳಿ. ಸೀಟ್ ಬಿಚ್ಚುವಾಗ ಎಲ್ಲಿ ಏನು ತಾಗಿಸಿದ್ನೋ, ಎಷ್ಟು ಯೋಚನೆ ಮಾಡಿದ್ರೂ ಹೊಳೀತಿಲ್ಲ. ನಿಮ್ಮ ಹತ್ರ ಕಲಿತು ನಿಮ್ಮ ಮುಖಕ್ಕೇ ಮಸಿ ಬಳಿದೆ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಮೇಷ್ಟ್ರು ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸುತ್ತ ನಿಂತಿದ್ದರು. ಬಾಯಿಂದ ಬಂದದ್ದು ಬೇರೆಯೇ.

"ಹೋಗ್ಲಿ ಬಿಡು. ಎಲ್ಲರ ಕೈಯಲ್ಲೂ ಆಗುತ್ತೆ."

ಕ್ಷಮಿಸಿದರು! ತಪ್ಪು ಮಾಡಿದವರು, ಮಾಡದವನನ್ನು ಕ್ಷಮಿಸಿದರು. ಅವನು ಬಗ್ಗಿ ಅವರ ಕಾಲು ಮುಟ್ಟಿ ಹೋದ. ಮುಟ್ಟಿದ ಜಾಗವನ್ನು ಮೇಷ್ಟ್ರು ಆಮೇಲೆ ಬಚ್ಚಲಲ್ಲಿ ಎರಡೆರಡು ಸಲ ತೊಳೆದುಕೊಂಡರು.

ಬುಧವಾರ, ಗುರುವಾರ ಶೆಡ್ಡಿಗೆ ಹೋಗಿ ಬಂದರು. ಕೆಲಸ ಕೈಗೆ ಹತ್ತಲಿಲ್ಲ. ಆ ಪೆಟ್ಟಿಗೆಯ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಗುರುವಾರ ಊಟ ಬಡಿಸುತ್ತ ಹೆಂಡತಿ, ತಮ್ಮ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಕೇಳಿ ಬಂದಿದ್ದಾನೆ ಎಂದರು. ಸಾರು ಹಾಕುತ್ತ, "ಬೇರೆಯವರಾಗಿದ್ರೆ ಅವನನ್ನ ಹೊಸ್ತಿಲು ತುಳಿಯೋಕೂ ಬಿಡ್ತಿರಲಿಲ್ಲ. ನಿಮ್ದು ದೊಡ್ಡ ಮನಸ್ಸು ರೀ," ಎಂದರು. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಶುಕ್ರವಾರ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ಆಂಪ್ಲಿಫೈಯರನ್ನು ಕಂಕುಳಲ್ಲಿ ಹಿಡಿದು ಟ್ರಾವೆಲ್ಸಿನ ಅಂಗಳಕ್ಕೆ ಹೋದರು. ಭಾವಮೈದುನನಿಗೂ ಫೋನು ಮಾಡಿ ಅಲ್ಲಿಗೇ ಬರಹೇಳಿದ್ದರು. ಡ್ರೈವರುಗಳು ಗಾಡಿ ತೊಳೆಯುತ್ತಿದ್ದರು. ಅವರೆಲ್ಲರ ಎದುರಿಗೇ ಯಜಮಾನಿಗೆ, "ಮೇಡಂ, ಇದು ಸುಟ್ಟಿರಲಿಲ್ಲ. ನಾನೇ ಒಂದು ವೈರ್ ಜೋಡಿಸಿರಲಿಲ್ಲ. ಅವನದೇನೂ ತಪ್ಪಿಲ್ಲ," ಎಂದರು. ಕೂಡಲೇ ಆಕೆಯ ಕಾರಿನ ಪಕ್ಕ ಮಂಡಿಯೂರಿ ಕೂತು, ಡ್ಯಾಶ್‌ಬೋರ್ಡ್ ಬಿಚ್ಚಿ ತಾವು ಎಳೆದಿದ್ದ ವೈರುಗಳನ್ನು ಕಿತ್ತರು. ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಕೂರಿಸಿ, ನೀಲಿ ವೈರಿನ ಟೇಪು ಬಿಚ್ಚಿ ಜೋಡಿಸಿದರು. ಹಾಡು ತುಂಬಿ ಬಂತು. ಡ್ರೈವರೊಬ್ಬ ಚಪ್ಪಾಳೆ ತಟ್ಟಿದ. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಯಜಮಾನಿ ಮೇಷ್ಟ್ರನ್ನು ಒಂದು ಸಲ ನೋಡಿದರು. ಭಾವಮೈದುನನಿಗೆ, ನಾಳೆಯಿಂದ ಬಾ, ಈ ವಾರದ್ದು ಮನಸ್ಸಿನಲ್ಲಿಟ್ಟುಕೋಬೇಡ ಎಂದು ಹೇಳಿ ಒಳಗೆ ಹೋದರು.

ಡ್ಯಾಶ್‌ಬೋರ್ಡ್ ಮುಚ್ಚುವ ಕೆಲಸ ಉಳಿದಿತ್ತು. ಭಾವಮೈದುನ ಪಕ್ಕದ ಸೀಟಿನಲ್ಲಿ ಬಂದು ಕೂತು, ಮೊದಲಿನ ಹಾಗೆಯೇ ಸ್ಕ್ರೂಗಳನ್ನು ಒಂದೊಂದಾಗಿ ಕೈಗೆ ಕೊಟ್ಟ. ಕೊನೆಯದನ್ನು ಕೊಡದೆ ಹಿಡಿದುಕೊಂಡ.

"ಭಾವ, ಸುಟ್ಟಿಲ್ಲ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

ಇವತ್ತು ಬೆಳಿಗ್ಗೆ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೇ ಬಂದಿತ್ತು. ಅವನು ನಂಬುತ್ತಿದ್ದ ಕೂಡ. ಅವರು ಹೇಳಿದ್ದನ್ನೆಲ್ಲ ನಂಬಿ ಅಭ್ಯಾಸವಾದವನು.

"ಸೋಮವಾರ," ಎಂದರು.

ಅವನು ಸ್ಕ್ರೂವನ್ನು ಅವರ ಅಂಗೈಯಲ್ಲಿಟ್ಟ.

"ನಾನು ನಿಮ್ಮನೆಗೆ ಬಂದಿದ್ದು ಮಂಗಳವಾರ," ಎಂದ.