ಬೇರು ಈಚೆ, ಹೂವು ಆಚೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಣ್ಣಾಸ್ಪತ್ರೆಯ ಹಿಂದಿನ ತಂತಿಬೇಲಿಯ ಬಳಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು, ರಾತ್ರಿಯ ಗಾಳಿಗೆ ಜಾರಿಬಿದ್ದ ಜಾಜಿಯ ಕುಡಿಗಳನ್ನು ಒಂದೊಂದಾಗಿ ಎತ್ತಿ ಕಟ್ಟುತ್ತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿದ ಹಳೆಯ ಸೀರೆಯ ಚಿಂದಿಗಳೇ ಅವರ ಹಗ್ಗ. ತಂತಿ ಬಿಗಿದರೆ ಬಳ್ಳಿ ದಪ್ಪವಾದಾಗ ಕುತ್ತಿಗೆ ಹಿಸುಕಿದ ಹಾಗಾಗುತ್ತದಂತೆ. ಗಂಟು ಹಾಕುವಾಗ ಪ್ರತಿ ಸಲವೂ ಕಿರುಬೆರಳನ್ನು ಒಳಗಿಟ್ಟು, ಆಮೇಲೆ ಮೆಲ್ಲಗೆ ಹೊರಗೆಳೆದುಕೊಳ್ಳುತ್ತಾರೆ. ಬಳ್ಳಿ ಉಸಿರಾಡಲು ಅಷ್ಟು ಜಾಗ ಬೇಕು.

ಇಲ್ಲಿ ಎಲ್ಲರೂ ಅವರನ್ನು ಬಳ್ಳಿಯಕ್ಕ ಎನ್ನುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದಾಗ ನನಗೆ ಅವರ ಪರಿಚಯವಾಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಕಿಟಕಿಯ ಸರಳಿಗೆ ಶಂಖಪುಷ್ಪದ ಕುಡಿಯೊಂದು ಸುತ್ತಿಕೊಂಡಿತ್ತು. ತಾನಾಗಿ ಬಂದಿರಬೇಕು ಎಂದುಕೊಂಡಿದ್ದೆ. ಆಪರೇಷನ್ ಆದವರ ಕಿಟಕಿಗಳಿಗೆಲ್ಲ ಹಾಗೊಂದು ಕುಡಿ ತಿರುಗಿಸಿ ಬಿಡುವವರು ಇವರೇ ಎಂದು ದಾದಿ ಆಮೇಲೆ ಹೇಳಿದರು.

ಅವರು ಕೆಲಸಕ್ಕೆ ಸೇರಿದ್ದು ಗುಡಿಸುವುದಕ್ಕೆ. ಆಗ ಬೇಲಿ ಬೋಳು. ರೋಗಿಗಳು ಆಚೆಯ ಮನೆಗಳ ಹಿತ್ತಿಲನ್ನೂ, ಆ ಮನೆಗಳವರು ಇಲ್ಲಿನ ಬ್ಯಾಂಡೇಜುಗಳನ್ನೂ ನೋಡುತ್ತ ಕೂರಬೇಕಿತ್ತು. ಯಾರೋ ಎಸೆದ ಬಳ್ಳಿಯ ಕಡ್ಡಿಗಳನ್ನು ಇವರೇ ತಂದು ಊರಿದರು. ಮೊದಮೊದಲು ಶಂಖಪುಷ್ಪವನ್ನು ತೋಚಿದ ಕಡೆಗೆ ಸುತ್ತುತ್ತಿದ್ದರಂತೆ. ಒಂದೆರಡು ದಿನದಲ್ಲೇ ಅದು ಬಿಚ್ಚಿಕೊಂಡು ತನಗೆ ಬೇಕಾದ ಕಡೆಗೇ ತಿರುಗಿರುತ್ತಿತ್ತು. “ನಮ್ಮಪ್ಪನ ಹಟ ಅದಕ್ಕೆ,” ಎಂದು ನಗುತ್ತಾರೆ. ಈಗ ದಿನಾ ಬೆಳಿಗ್ಗೆ ಇಪ್ಪತ್ತು ಕೊಡ ನೀರು, ವಾರಕ್ಕೊಮ್ಮೆ ಕತ್ತರಿ. ಗುಡಿಸುವುದಂತೂ ಇದ್ದೇ ಇದೆ.

ಕಟ್ಟಡದ ನೆರಳು ಬೀಳುವುದು ಈ ಕಡೆಗೆ, ಬಿಸಿಲು ಆ ಕಡೆಗೆ. ಹಾಗಾಗಿ ಹೂವೆಲ್ಲ ಆಚೆ ಅರಳುತ್ತದೆ. ನೀರು ನಮ್ಮದು, ಹೂವು ಅವರದಾ ಎಂದು ಮೇಲ್ವಿಚಾರಕರು ರೇಗುತ್ತಾರೆ. ಬಳ್ಳಿ ನನ್ನ ಮಾತು ಎಲ್ಲಿ ಕೇಳುತ್ತೆ ಸಾರ್ ಎಂದು ಬಳ್ಳಿಯಕ್ಕ ಜಾರಿಕೊಳ್ಳುತ್ತಾರೆ. ತುದಿ ಚಿವುಟಿ ಹಿಂದಕ್ಕೆ ಬಾಗಿಸಿದರೆ ಅರ್ಧ ಹೂವನ್ನಾದರೂ ಈಚೆ ತರಬಹುದು. ಅವರಿಗೆ ಗೊತ್ತು. ತರುವುದಿಲ್ಲ. ಬೇಲಿಗೆ ಬೆನ್ನು ಹಚ್ಚಿ ನಿಂತ ಮೂರನೆಯ ಮನೆಯಲ್ಲಿ ಬಾಡಿಗೆಗಿರುವವಳು ಅವರ ಒಡಹುಟ್ಟಿದ ತಂಗಿ.

ತಾಯಿ ತೀರಿಕೊಂಡಾಗ ತಂಗಿ ಹಸಿ ಬಾಣಂತಿ. ಹೆರಿಗೆ ಬಹಳ ಕಷ್ಟವಾಗಿತ್ತು. ಸುದ್ದಿ ಕೇಳಿ ಏನಾದರೂ ಆದೀತೆಂದು ಹೆದರಿ ಅಕ್ಕ ಯಾರಿಗೂ ಬಾಯಿ ಬಿಡಗೊಡಲಿಲ್ಲ. ತಂಗಿಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಮುಖ ನೋಡಲು ಬಿಡಲಿಲ್ಲವಲ್ಲ ಎಂದವಳು ಮತ್ತೆ ಅಕ್ಕನೊಂದಿಗೆ ಮಾತಾಡಿಲ್ಲ. ಆ ಮಗುವಿಗೆ ಈಗ ಹಾಲುಹಲ್ಲು ಬೀಳುತ್ತಿವೆ. “ಅವಳು ಉಳೀಲಿ ಅಂತ ಮಾಡಿದೆ. ಸರಿಯೋ ತಪ್ಪೋ, ಇವತ್ತಿಗೂ ಗೊತ್ತಾಗಿಲ್ಲ,” ಎನ್ನುತ್ತಾರೆ ಬಳ್ಳಿಯಕ್ಕ. ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಬರೆಯಿರಿ, ಅವಳು ಭಾನುವಾರದ ಪುರವಣಿ ಬಿಡದೆ ಓದುತ್ತಾಳೆ ಎಂದರು.

ಅಕ್ಕತಂಗಿಯರು ಒಬ್ಬರಿಗೊಬ್ಬರು ಹೇಳಲೇಬೇಕಾದ ಮಾತಿದ್ದರೆ ನಡುವೆ ಯಾರಾದರೂ ಬೇಕು. ದಾದಿ, ಹಾಲಿನವನು, ಒಮ್ಮೆ ಯಾರೂ ಸಿಗದೆ ಆಸ್ಪತ್ರೆಯ ಬೆಕ್ಕು. ಕಳೆದ ತಿಂಗಳು ಬಿರುಬಿಸಿಲಿನಲ್ಲಿ ಬಳ್ಳಿಯಕ್ಕ ಜ್ವರದಿಂದ ಒಂದು ವಾರ ಮಲಗಿದ್ದರು. ಎಲ್ಲ ಒಣಗಿರುತ್ತದೆ ಎಂದು ಅಂಜುತ್ತಲೇ ಎದ್ದು ಬಂದರೆ ಬಳ್ಳಿಗಳ ಬುಡ ಒದ್ದೆ. ಆಸ್ಪತ್ರೆಯಲ್ಲಿ ಕೇಳಿದರೆ ಯಾರೂ ನೀರು ಹಾಕಿಲ್ಲ. ಹಾಗಾದರೆ ಯಾರು ಎಂದು ಅಂದಿನಿಂದ ಯೋಚಿಸುತ್ತಿದ್ದಾರೆ. ಒಂದೇ ಉತ್ತರ ಹೊಳೆಯುತ್ತದೆ. ನಂಬಲು ಧೈರ್ಯ ಸಾಲದು.

ಇವತ್ತು ನಡುವೆ ಇರುವವಳು ನಾನು. ಎಲೆಗಳ ಆಚೆ ಬಕೆಟ್ ಇಟ್ಟ ಸದ್ದು, ಬೆನ್ನಿಗೇ ತಂಗಿಯ ದನಿ.

“ಅಮ್ಮಾ, ಅವರಿಗೆ ಹೇಳಿ. ಈ ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡ್ತಿದೀವಿ. ಇನ್ನೊಂದ್ಸಲ ಜ್ವರ ಅಂತ ಮಲಗಿದ್ರೆ ಈ ಕಡೆಯಿಂದ ನೀರು ಹಾಕೋರು ಇರಲ್ಲ.”

ಇಬ್ಬರ ನಡುವೆ ಇರುವುದು ಒಂದು ಗೇಣು ಎಲೆ. ನಾನು ಹೇಳುವುದಕ್ಕೇನಿದೆ? ಬಳ್ಳಿಯಕ್ಕ ಕಟ್ಟುತ್ತಿದ್ದ ಕುಡಿ ಕೈಜಾರಿ ಕೆಳಗೆ ತೂಗುತ್ತದೆ.

“ಎಲ್ಲಿಗಂತೆ, ಕೇಳಿ,” ಎನ್ನುತ್ತಾರೆ.

“ದೂರ ಅಂತ ಹೇಳಿ.”

“ಮಗೂನ ಸ್ಕೂಲು?”

“ಅಲ್ಲೇ ಸೇರಿಸ್ತೀವಿ ಅಂತ ಹೇಳಿ.”

ಆಚೆಯಿಂದ ಬಳ್ಳಿಯ ಬುಡಕ್ಕೆ ನೀರು ಬೀಳತೊಡಗುತ್ತದೆ. ಬೇರೇನೂ ತೋಚದೆ ನಾನು ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ನಿಮಗೇನು ಆಸೆ? ಹೊಸ ಕತ್ತರಿ, ನೀರಿನ ಪೈಪು ಎಂದು ಏನಾದರೂ ಹೇಳಿಯಾರು ಎಂದು ಕಾಯುತ್ತೇನೆ. ಅವರು ಮಂಡಿ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಉತ್ತರ ನನಗಾದರೂ ದೃಷ್ಟಿ ನನ್ನ ಮೇಲಿಲ್ಲ. ದನಿ ಬೇಲಿ ದಾಟುವಷ್ಟು ಗಟ್ಟಿಯಾಗಿದೆ.

“ನನಗೇನೂ ಬೇಡಮ್ಮ. ಹೋಗೋ ಮುಂಚೆ ಒಂದ್ಸಲ ಬಾಯಿ ತುಂಬ ಬೈದು ಹೋಗ್ಲಿ. ನಿಮ್ಮ ಕೈಲಿ ಹೇಳಿಸೋದಲ್ಲ. ಎದುರಿಗೆ ನಿಂತ್ಕೊಂಡು, ನನ್ನನ್ನ.”

ಆಚೆ ನೀರು ಸುರಿಯುವ ಸದ್ದು ನಿಲ್ಲುತ್ತದೆ. ಬಕೆಟ್ ಎತ್ತಿಕೊಂಡ ಸದ್ದಾಗಲಿ, ಬಾಗಿಲು ಹಾಕಿಕೊಂಡ ಸದ್ದಾಗಲಿ ಕೇಳಿಸುವುದಿಲ್ಲ.